ಗೇರ್ ಇನ್ನೂ ಇಳಿಸಬೇಕೆ? ಜಿಪ್ಸಿ, ಜೀಪು, ಪಿಕಪ್‌ಗಳ ಲೋ ಗೇರ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಮಲೆನಾಡಿನ ತೋಟದಲ್ಲಿ ದುಡಿಯುವ ಒಂದು ಹಳೆಯ ಜಿಪ್ಸಿ. ಅದರ ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಹಂಚುವ, ಹೈ ಮತ್ತು ಲೋ ಎಂಬ ಎರಡು ಗೇರುಗಳ ಪೆಟ್ಟಿಗೆ) ಗೇರುಗಳನ್ನು ಬದಲಿಸಿದ ಮೇಲೆ ಗಾಡಿ ಹೊರಗಿನಿಂದ ಒಂದಿಷ್ಟೂ ಬದಲಾಗಿಲ್ಲ. ಆದರೆ ಮಳೆಗಾಲದಲ್ಲಿ ಅದು ಏರು ಹತ್ತುವ ರೀತಿ ನೋಡಿದವರು ಸುಮ್ಮನೆ ಹೋಗುವುದಿಲ್ಲ, ಕೇಳಿಯೇ ಹೋಗುತ್ತಾರೆ. ಒಂದೇ ಉತ್ತರವನ್ನು ನೂರು ಸಲ ಹೇಳುವುದಕ್ಕಿಂತ ಒಮ್ಮೆ ಕುಳಿತು ಬರೆಯುವುದು ಲೇಸು.

"ಗೇರ್ ಇಳಿಸುವುದು" ಎಂದರೆ ಏನು?

ಎಂಜಿನ್ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂಬುದೇ ಇಲ್ಲಿನ ಮುಖ್ಯ ಲೆಕ್ಕ. ಫೋರ್ ವೀಲ್ ಗಾಡಿಯಲ್ಲಿ ಈ ಇಳಿತ ಮೂರು ಕಡೆ ನಡೆಯುತ್ತದೆ: ಗೇರ್‌ಬಾಕ್ಸಿನ ಒಂದನೇ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ, ಆಕ್ಸಲ್ಲಿನ ಕ್ರೌನ್ ಪಿನಿಯನ್ ಎಂಬ ಗೇರು ಜೋಡಿ. ಮೂರನ್ನೂ ಗುಣಿಸಿದರೆ ಸಿಗುವ ಸಂಖ್ಯೆಯೇ ಕ್ರಾಲ್ ರೇಷಿಯೊ.

ನಮ್ಮ ಜಿಪ್ಸಿಯ ಒಡಹುಟ್ಟಾದ, ಅಮೆರಿಕದಲ್ಲಿ ಮಾರಾಟವಾದ ಸುಜುಕಿ ಸಮುರಾಯ್ ತೆಗೆದುಕೊಳ್ಳಿ. ಅದರ ಒಂದನೇ ಗೇರು 3.652, ಲೋ 2.268, ಆಕ್ಸಲ್ 3.727. ಗುಣಿಸಿದರೆ 30.9. ಎಂಜಿನ್ ಸುಮಾರು 31 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ಹಾಕುತ್ತದೆ. ಈ ಸಂಖ್ಯೆ ದೊಡ್ಡದಾದಷ್ಟೂ ಗಾಡಿ ನಿಧಾನ. ಸಂಖ್ಯೆ ಏರಿದರೂ ಮಾತಿನಲ್ಲಿ ಮಾತ್ರ "ಗೇರ್ ಇಳಿಸಿದೆವು" ಎನ್ನುತ್ತೇವೆ. ಹೊಸಬರು ಮೊದಲು ಎಡವುವುದು ಇಲ್ಲೇ.

ನನ್ನ ಗಾಡಿಯ ಆಕ್ಸಲ್ ಅನುಪಾತ ತಿಳಿಯುವುದು ಹೇಗೆ? ಕೈಪಿಡಿ ಕಳೆದುಹೋಗಿದೆ.

ಕೈಪಿಡಿ ಇದ್ದರೂ ನಂಬಬೇಡಿ. ಮೂವತ್ತು ವರ್ಷದ ಗಾಡಿಯ ಹೌಸಿಂಗ್ ಒಳಗೆ ಯಾವ ಗುಜರಿಯ ಕ್ರೌನ್ ಪಿನಿಯನ್ ಕುಳಿತಿದೆಯೋ ಬಲ್ಲವರಾರು?

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಲ್ಲಿ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಗೇರು ನ್ಯೂಟ್ರಲ್, ಫೋರ್ ವೀಲ್ ಬಿಡಿಸಿರಬೇಕು, ಹ್ಯಾಂಡ್ ಬ್ರೇಕ್ ಇಳಿಸಿರಬೇಕು. ಟೈರಿನ ಮೇಲೆ ಮತ್ತು ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್ಲಿಗೆ ಬಲ ಒಯ್ಯುವ ಉದ್ದನೆಯ ದಂಡ) ಮೇಲೆ ಸೀಮೆಸುಣ್ಣದ ಒಂದೊಂದು ಗೆರೆ ಎಳೆಯಿರಿ. ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ತಿರುಗಿತೆಂದು ಇನ್ನೊಬ್ಬರು ಎಣಿಸಲಿ. ಮೂರೂ ಮುಕ್ಕಾಲಿಗೆ ಒಂದು ಕೂದಲು ಕಡಿಮೆ ಎಂದರೆ 3.73. ನಾಲ್ಕು ದಾಟಿ ಸ್ವಲ್ಪ ಎಂದರೆ 4.1. ಒಂದೇ ಚಕ್ರ ಎತ್ತಿರುವುದರಿಂದ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಅರ್ಧ ನುಂಗುತ್ತದೆ. ಎರಡು ಸುತ್ತು ಬೇಕಾಗುವುದು ಅದಕ್ಕಾಗಿ.

ಲೋ ಗೇರ್ ಇಳಿಸಿದರೆ ನಿಜಕ್ಕೂ ಎಷ್ಟು ನಿಧಾನವಾಗುತ್ತದೆ?

ಎಂಜಿನ್ ಐಡ್ಲಿಂಗ್ 800 ಸುತ್ತು, ಟೈರು 205/70 ಆರ್15 ಎಂದಿಟ್ಟುಕೊಳ್ಳೋಣ. ಮೂಲ ಗೇರಿನಲ್ಲಿ ಲೋ ಒಂದನೇ ಗೇರಿಗೆ ಹಾಕಿ ಕಾಲೆತ್ತಿದರೆ ಗಂಟೆಗೆ ಸುಮಾರು 3.2 ಕಿ.ಮೀ. ಟ್ರಾನ್ಸ್‌ಫರ್ ಕೇಸಿಗೆ 4.16ರ ಗೇರು (ಅಂದರೆ ಲೋ ಅನುಪಾತ 2.268ರ ಬದಲು 4.16) ಹಾಕಿದರೆ 1.7 ಕಿ.ಮೀ. 6.5ರದ್ದು ಹಾಕಿದರೆ 1.1. ಈ ಕೊನೆಯದರಲ್ಲಿ ನೀವು ಬಾಗಿಲು ತೆಗೆದು ಇಳಿದು, ಮುಂದಿನ ಚಕ್ರ ಯಾವ ಕಲ್ಲಿನ ಮೇಲೆ ಹತ್ತುತ್ತಿದೆ ಎಂದು ನೋಡಿ, ಮತ್ತೆ ಹತ್ತಿ ಕೂರುವಷ್ಟು ಸಮಯವಿರುತ್ತದೆ. (ಹಾಗೆ ಮಾಡಬೇಡಿ. ಮಾಡಿದವನನ್ನು ನೋಡಿದ್ದೇನೆ. ಅವನು ಓಡಿದ ಓಟ ಜಾತ್ರೆಯ ಓಟದ ಪಂದ್ಯದಲ್ಲೂ ಕಂಡಿಲ್ಲ.)

ಹಾಗಾದರೆ ಗಾಡಿಯ ಶಕ್ತಿ ಹೆಚ್ಚಾಗುತ್ತದೆ, ಅಲ್ಲವೆ?

ಎಲ್ಲರೂ ಹೀಗೇ ತಿಳಿದಿದ್ದಾರೆ. ನಾನೂ ತಿಳಿದಿದ್ದೆ. ಕಾಗದದ ಮೇಲೆ ಲೆಕ್ಕ ಹಾಕಿದಾಗ ಭ್ರಮೆ ಹರಿಯಿತು.

ಎಂಪಿಎಫ್ಐ (ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ) ಜಿಪ್ಸಿ ಎಂಜಿನ್ನಿನ ಗರಿಷ್ಠ ಟಾರ್ಕ್, ಅಂದರೆ ತಿರುಚು ಬಲ, 103 ನ್ಯೂಟನ್ ಮೀಟರ್, ಅದೂ 4,500 ಸುತ್ತಿನಲ್ಲಿ. ಕ್ರಾಲ್ ರೇಷಿಯೊ 31 ಎಂದು ಹಿಡಿದರೂ ಚಕ್ರಗಳಿಗೆ, ನಡುವಿನ ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 3,190ರಷ್ಟು ತಲುಪುತ್ತದೆ. ಈಗ ಇನ್ನೊಂದು ಕಡೆಯಿಂದ ನೋಡಿ. ಜನ, ಸಾಮಾನು ಸೇರಿ ಗಾಡಿ 1,200 ಕಿಲೊ. ಒಣ ಬಂಡೆಯ ಮೇಲೆ ಟೈರಿನ ಹಿಡಿತ 0.8, ಟೈರಿನ ತ್ರಿಜ್ಯ 33 ಸೆಂ.ಮೀ. ಎಂದುಕೊಂಡರೆ ನಾಲ್ಕೂ ಚಕ್ರ ಜಾರುವ ಮೊದಲು ನೆಲ ತಡೆದುಕೊಳ್ಳುವುದು ಸುಮಾರು 3,100. ಅಂದರೆ ಕಂಪನಿಯ ಗೇರಿನಲ್ಲೇ ಚಕ್ರ ಜಾರಿಸುವಷ್ಟು ಬಲ ಇದೆ. ಮಳೆಯಲ್ಲಿ ನೆನೆದ ಜೇಡಿಯ ಮೇಲಂತೂ ಅದರ ಅರ್ಧವೂ ಬೇಡ.

ಕೊರತೆ ಇರುವುದು ಬೇರೆ ಕಡೆ. ಆ ಬಲ ಬೇಕೆಂದರೆ ಎಂಜಿನ್ 4,500 ಸುತ್ತು ತಿರುಗಬೇಕು, ಹಾಗೆ ತಿರುಗಿದರೆ ಗಾಡಿ ಗಂಟೆಗೆ 18 ಕಿ.ಮೀ. ವೇಗದಲ್ಲಿ ಕಲ್ಲಿಗೆ ಗುದ್ದುತ್ತದೆ. ನಿಧಾನ ಹೋಗಬೇಕೆಂದರೆ ಅರ್ಧ ಕ್ಲಚ್ ಒತ್ತಿ ಹಿಡಿಯಬೇಕು, ಆಗ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಮೂಗಿಗೆ ಬರುತ್ತದೆ. ಎಂಜಿನ್ ಸಾವಿರ ಸುತ್ತಿನಲ್ಲಿ 60 ನ್ಯೂಟನ್ ಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಮೂಲ ಗೇರಿನಲ್ಲಿ ಚಕ್ರಕ್ಕೆ ತಲುಪುವುದು 1,860 ಮಾತ್ರ, 4.16ರಲ್ಲಿ ಸುಮಾರು 3,400. ನೆಲ ತಡೆಯುವ ಅಷ್ಟೂ ಬಲ ಈಗ ನಡಿಗೆಗಿಂತ ಕಡಿಮೆ ವೇಗದಲ್ಲಿ, ಕ್ಲಚ್ ಮುಟ್ಟದೆ ಸಿಗುತ್ತದೆ. ಲೋ ಗೇರ್ ಹಾಕಿಸಿಕೊಳ್ಳುವುದು ಈ ನಿಧಾನಕ್ಕೆ.

ಗೇರ್‌ಬಾಕ್ಸ್ ಬದಲಿಸಬೇಕೆ, ಟ್ರಾನ್ಸ್‌ಫರ್ ಕೇಸ್ ಬದಲಿಸಬೇಕೆ, ಆಕ್ಸಲ್ ಬದಲಿಸಬೇಕೆ?

ಜಿಪ್ಸಿಗೆ ಟ್ರಾನ್ಸ್‌ಫರ್ ಕೇಸ್. ಎರಡನೇ ಯೋಚನೆ ಬೇಡ.

ಆಕ್ಸಲ್ ಬದಲಿಸಿದರೆ ಹಿಂದಿನದು ಮುಂದಿನದು ಎರಡನ್ನೂ ಒಂದೇ ಅನುಪಾತಕ್ಕೆ ತರಬೇಕು. ಒಂದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರ ಒಂದು ವೇಗ, ಹಿಂದಿನದು ಇನ್ನೊಂದು ವೇಗ ಎಂದು ಎಳೆದಾಡಿ ಏನಾದರೊಂದು ಮುರಿಯುತ್ತದೆ. ಮೇಲಾಗಿ ಅನುಪಾತ ಹೆಚ್ಚಿದಷ್ಟೂ ಪಿನಿಯನ್ ಸಣ್ಣದಾಗುತ್ತದೆ, ಸೊರಗುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಕಿರುಚುತ್ತದೆ.

ಗೇರ್‌ಬಾಕ್ಸ್ ಬದಲಿಸಿದರೆ ಬೆಲ್ ಹೌಸಿಂಗ್, ಅಡಾಪ್ಟರ್, ಕ್ಲಚ್, ಕ್ರಾಸ್ ಮೆಂಬರ್, ಎರಡೂ ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಗೇರ್ ಲಿವರ್ ಬರುವ ತೂತು, ಎಲ್ಲವೂ ಬದಲಾಗುತ್ತವೆ. ಟ್ರಾನ್ಸ್‌ಫರ್ ಕೇಸಿನ ಲೋ ಇಳಿಸಿದರೆ ರಿವರ್ಸ್ ಸೇರಿ ಎಲ್ಲ ಗೇರೂ ಒಟ್ಟಿಗೆ ಇಳಿಯುತ್ತವೆ. ಮೇಲೇರಲಾಗದೆ ಕಡಿದಾದ ಜಾಗದಲ್ಲಿ ಹಿಂದಕ್ಕೆ ಇಳಿಯಬೇಕಾದಾಗ ರಿವರ್ಸಿನ ಬೆಲೆ ತಿಳಿಯುತ್ತದೆ.

ಇನ್ನು ಸುಜುಕಿಯ ದೊಡ್ಡ ವರವೆಂದರೆ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಬೇರೆಯಾಗಿ, ರಬ್ಬರ್ ಮೌಂಟುಗಳ ಮೇಲೆ, ಒಂದು ಚಿಕ್ಕ ಶಾಫ್ಟಿನಿಂದ ಜೋಡಿಸಿಕೊಂಡು ಕೂತಿದೆ. ಗೇರ್‌ಬಾಕ್ಸ್ ಮುಟ್ಟದೆ ಅದೊಂದನ್ನೇ ಇಳಿಸಬಹುದು.

4.16 ಒಳ್ಳೆಯದೋ, 6.5 ಒಳ್ಳೆಯದೋ?

ನೀವು ಎಲ್ಲಿ ಓಡಿಸುತ್ತೀರಿ? ಕ್ಯಾಲಿಫೋರ್ನಿಯಾದ ರುಬಿಕಾನ್ ದಾರಿಯಂಥ ಬರೀ ಬಂಡೆಯಾದರೆ 6.5. ಒಟ್ಟು ಅನುಪಾತ 88 ದಾಟುತ್ತದೆ. ನಮ್ಮ ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ಇರುವುದು ಕೆಸರು, ಜೇಡಿ, ನಡುವೆ ಹಳ್ಳದ ಗುಂಡುಗಲ್ಲು. ಕೆಸರಿನಲ್ಲಿ ಚಕ್ರ ಸ್ವಲ್ಪ ಜೋರಾಗಿ ತಿರುಗಿ ಟೈರಿನ ಸಂದಿಯಲ್ಲಿ ಮೆತ್ತಿದ ಮಣ್ಣನ್ನು ಒದರಿ ಎಸೆಯಬೇಕು. 6.5ರಲ್ಲಿ ಲೋ ಐದನೇ ಗೇರಿಗೆ ಹಾಕಿ ಎಂಜಿನ್ ಅನ್ನು 4,000ಕ್ಕೆ ಏರಿಸಿದರೂ ಚಕ್ರದ ವೇಗ ಗಂಟೆಗೆ 25 ಕಿ.ಮೀ. ಆಸುಪಾಸು. ಅದೇ 4.16ರಲ್ಲಿ 40. ಮಳೆಗಾಲದ ತೋಟದ ದಾರಿಗೆ 4.16 ಸಾಕು, ಹಿತವೂ ಹೌದು. ನನ್ನದು ಅದೇ.

ವಿದೇಶಿ ಕಿಟ್ ಕೈಗೆಟಕುವುದಿಲ್ಲ. ಬಡವನ ದಾರಿ ಯಾವುದಾದರೂ ಇದೆಯೆ?

ಇದೆ, ಚಿಕ್ಕದು. ಸುಜುಕಿಯ ಹಳೆಯ ಎಸ್‌ಜೆ410 ಮಾದರಿಯ ಟ್ರಾನ್ಸ್‌ಫರ್ ಕೇಸಿನಲ್ಲಿ ಹೈ 1.58, ಲೋ 2.51. ಸಮುರಾಯ್‌ನದು 1.409 ಮತ್ತು 2.268. ಹಳೆಯದನ್ನು ಹೊಸದಕ್ಕೆ ಕೂರಿಸಿದರೆ ಎರಡರಲ್ಲೂ ಶೇಕಡ 11-12ರಷ್ಟು ಇಳಿತ ಸಿಗುತ್ತದೆ. ನಮ್ಮಲ್ಲಿ 1985ರಲ್ಲಿ ಬಂದ 970 ಸಿಸಿ ಜಿಪ್ಸಿ ಅದೇ ವಂಶದ್ದು. ಗುಜರಿಯಲ್ಲಿ ಒಂದು ಸಿಕ್ಕಿದರೆ ಕೊಳ್ಳುವ ಮೊದಲು ಲೋಗೆ ಹಾಕಿ, ಔಟ್‌ಪುಟ್ ಫ್ಲೇಂಜ್ ಎರಡು ಸುತ್ತು ತಿರುಗಲು ಇನ್‌ಪುಟ್ ಎಷ್ಟು ಸುತ್ತಬೇಕೆಂದು ಎಣಿಸಿ. ಐದು ಸುತ್ತು ಬಂದರೆ ಸರಿಯಾದ ಸರಕು. ನಾಲ್ಕೂವರೆ ಬಂದರೆ ನಿಮ್ಮಲ್ಲಿರುವುದೇ ಅದು. ಫ್ಲೇಂಜಿನ ಬೋಲ್ಟ್ ತೂತುಗಳು ಹೊಂದುತ್ತವೆಯೇ ಎಂದೂ ಅಲ್ಲೇ ನೋಡಿಬಿಡಿ.

ಲೇತ್ ವರ್ಕ್‌ಶಾಪಿನಲ್ಲಿ ಗೇರ್ ಮಾಡಿಸಿಕೊಳ್ಳಬಹುದೆ?

ಲೇತಿನಲ್ಲಿ ಗೇರಿನ ಹಲ್ಲು ಬರುವುದಿಲ್ಲ, ಅದಕ್ಕೆ ಹಲ್ಲು ಕೊರೆಯುವ ಹಾಬಿಂಗ್ ಯಂತ್ರ ಬೇಕು. ಬೆಂಗಳೂರಿನ ಪೀಣ್ಯದಲ್ಲಿ ಗೇರ್ ಕತ್ತರಿಸುವವರಿಗೆ ಕೊರತೆಯಿಲ್ಲ. ತೊಡಕಿರುವುದು ಉಕ್ಕಿಗೆ ಹದ ಕೊಡುವುದರಲ್ಲಿ: ಹಲ್ಲಿನ ಮೇಲ್ಮೈ ಗಾಜಿನಂತೆ ಗಟ್ಟಿ, ಒಳಗೆ ಬಗ್ಗಿ ತಾಳುವ ಮೆದುತನ, ಎರಡೂ ಬೇಕು. ಹದ ತಪ್ಪಿದ ಗೇರು ಮೊದಲ ತಿಂಗಳು ಚೆನ್ನಾಗಿಯೇ ಓಡುತ್ತದೆ. ನಂತರ ಎಣ್ಣೆ ಇಳಿಸಿದಾಗ ಹೊಳೆಯುವ ಚಕ್ಕೆಗಳು ಬರತೊಡಗುತ್ತವೆ.

ನಮ್ಮ ಮನೆಯಲ್ಲಿ ತಾತನ ಕಾಲದ ಮಹೀಂದ್ರ ಜೀಪಿದೆ. ಅದಕ್ಕೆ ಏನು ಮಾಡಿಸಲಿ?

ಟೈರು ಒಳ್ಳೆಯದು ಹಾಕಿಸಿ, ಬ್ರೇಕು ಸರಿಮಾಡಿಸಿ, ಸುಮ್ಮನಿರಿ. ಸಿಜೆ-3ಬಿ ಮಾದರಿಯ ಜೀಪಿನಲ್ಲಿ ಟಿ-90 ಗೇರ್‌ಬಾಕ್ಸಿನ ಒಂದನೇ ಗೇರು 2.80, ಟ್ರಾನ್ಸ್‌ಫರ್ ಕೇಸಿನ ಲೋ 2.46, ಆಕ್ಸಲ್ 5.38. ಗುಣಿಸಿ ನೋಡಿ: 37. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನದು 25.6 ಮಾತ್ರ. ನಿಮ್ಮ ತಾತನ ಗಾಡಿ ಕಂಪನಿಯಿಂದ ಬಂದಾಗಲೇ ಸಮುರಾಯ್‌ಗಿಂತ ಕೆಳಗಿನ ಗೇರಿನಲ್ಲಿತ್ತು. ಕಾಫಿ ಮೂಟೆ ಹೇರಿಕೊಂಡು ಅದು ಹತ್ತಿದ ದಾರಿಗಳಲ್ಲಿ ಈಗ ನಾವು ವಿಂಚ್ ಬಿಚ್ಚುತ್ತೇವೆ.

ಬಿಚ್ಚಿ ಜೋಡಿಸುವ ಕೆಲಸ ಎಷ್ಟು ಕಷ್ಟ? ನಾನೇ ಮಾಡಬಹುದೆ?

ಗೇರ್‌ಬಾಕ್ಸ್ ಒಮ್ಮೆಯಾದರೂ ಬಿಚ್ಚಿದ ಕೈಯಾದರೆ ಮಾಡಬಹುದು. ಇಲ್ಲವಾದರೆ ಮೇಸ್ತ್ರಿಯ ಪಕ್ಕ ಕುಳಿತು ಮಾಡಿಸಿ.

ನಾವು ಮಾಡಿದ್ದು ಕಾಫಿ ಕಣದ ಸಿಮೆಂಟ್ ನೆಲದ ಮೇಲೆ, ಹೊಲಿದ ಗೋಣಿಚೀಲ ಹಾಸಿಕೊಂಡು. ಎಣ್ಣೆ ಇಳಿಸಿ, ಮೂರೂ ಶಾಫ್ಟ್ ಬಿಚ್ಚಿ, ಲಿವರ್ ಕಳಚಿ, ಮೌಂಟ್ ಬೋಲ್ಟ್ ತೆಗೆದರೆ ಕೇಸು ಕೆಳಗೆ ಬರುತ್ತದೆ. ಒಬ್ಬ ಎತ್ತುವಷ್ಟೇ ಭಾರ, ಆದರೆ ಮಲಗಿಕೊಂಡು ಎದೆಯ ಮೇಲೆ ಇಳಿಸಿಕೊಳ್ಳುವಾಗ ಇಬ್ಬರಿರುವುದು ಕ್ಷೇಮ. ಫ್ಲೇಂಜುಗಳು ಮೊದಲು ಇದ್ದ ಸ್ಥಾನಕ್ಕೇ ಮರಳುವಂತೆ ಬಿಚ್ಚುವ ಮೊದಲೇ ಉಳಿಯಿಂದ ಗುರುತು ಹಾಕಿಕೊಳ್ಳಿ.

ಕೇಸು ತೆರೆದ ಮೇಲೆ ಹೊರಗೆ ಬಂದ ಕ್ರಮದಲ್ಲೇ ಎಲ್ಲವನ್ನೂ ಸಾಲಾಗಿ ಇಡಬೇಕು: ವಾಷರ್, ನೀಡಲ್ ಬೇರಿಂಗ್, ಗೇರು, ಮತ್ತೆ ವಾಷರ್. ವಾಷರಿನ ಯಾವ ಮುಖ ಯಾವ ಕಡೆಗಿತ್ತು ಎಂಬುದೂ ಮುಖ್ಯ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾ ಹೋಗಿ. ಲಿವರ್ ಶಾಫ್ಟುಗಳನ್ನು ಎಳೆಯುವಾಗ ಒಳಗೆ ಸ್ಪ್ರಿಂಗ್ ಒತ್ತಿ ಹಿಡಿದಿರುವ ಸಣ್ಣ ಉಕ್ಕಿನ ಗುಂಡುಗಳಿವೆ. ಅಂಗೈ ಅಡ್ಡ ಇಡಬೇಕು ಎಂದು ಮೇಸ್ತ್ರಿ ಹೇಳಿದ್ದರು. ನಾನು ಬೆರಳು ಅಡ್ಡ ಇಟ್ಟೆ. ಟಿಕ್ ಎಂದು ಹಾರಿದ ಗುಂಡು ಕಣದಾಚೆ ಒಣಗಲು ಹಾಕಿದ್ದ ಮೆಣಸಿನ ರಾಶಿಗೆ ಬಿತ್ತು. ಕಾಳುಮೆಣಸೂ ಅದೂ ಹೆಚ್ಚುಕಡಿಮೆ ಒಂದೇ ಗಾತ್ರ, ಎಣ್ಣೆ ಮೆತ್ತಿಕೊಂಡು ಬಣ್ಣವೂ ಅದೇ. ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ರಾಶಿಯ ಮೇಲೆ ಎಳೆದಾಡಿದ ಮೇಲೆ, ಒಂದು ಗಂಟೆಯ ನಂತರ ಸಿಕ್ಕಿತು. ಆ ಹೊತ್ತಿನಲ್ಲಿ ಮೇಸ್ತ್ರಿ ಒಂದೂ ಮಾತಾಡಲಿಲ್ಲ. ಕಾಫಿ ಕುಡಿಯುತ್ತಾ ಕೂತಿದ್ದರು.

ಗೇರ್ ಬದಲಿಸುವಾಗಲೇ ಬೇರಿಂಗ್, ಆಯಿಲ್ ಸೀಲ್ ಎಲ್ಲವನ್ನೂ ಹೊಸದು ಹಾಕಿ. ಹಳೆಯ ಒಂದು ಬೇರಿಂಗನ್ನು ಬೆರಳಲ್ಲಿ ತಿರುಗಿಸಿ "ಇನ್ನೂ ಚೆನ್ನಾಗಿದೆ" ಎಂದು ಉಳಿಸಿಕೊಂಡೆ. ನಾಲ್ಕು ತಿಂಗಳಿಗೆ ಅದು ಗೊರಗೊರ ಎನ್ನತೊಡಗಿ, ಇಡೀ ಕೆಲಸ ಎರಡನೇ ಸಲ ಮಾಡಬೇಕಾಯಿತು. 6.5ರ ಕಿಟ್ ಆದರೆ ದೊಡ್ಡ ಗೇರಿಗೆ ಜಾಗ ಮಾಡಲು ಕೇಸಿನ ಒಳಗೋಡೆಯನ್ನು ಅಲ್ಲಲ್ಲಿ ಉಜ್ಜಬೇಕಾಗುತ್ತದೆ. ಉಜ್ಜಿದ ಅಲ್ಯುಮಿನಿಯಂ ಪುಡಿ ಒಂದು ಚಿಟಿಕೆಯೂ ಒಳಗೆ ಉಳಿಯಬಾರದು.

ಇದಾದ ಮೇಲೆ ಮುಂದೆ ಮುರಿಯುವುದು ಯಾವುದು?

ಮೊದಲು ರಬ್ಬರ್ ಮೌಂಟುಗಳು. ಗುಣಿತವಾದ ತಿರುಚು ಬಲಕ್ಕೆ ಕೇಸು ಇಡಿಯಾಗಿ ಮಗುಚಲು ನೋಡುತ್ತದೆ, ಮೌಂಟ್ ಹರಿಯುತ್ತದೆ. ಅದಕ್ಕೆ ಹೆಚ್ಚುವರಿ ಆಧಾರದ ಬ್ರಾಕೆಟ್ ಹಾಕಿಸಿಯೇ ಗಾಡಿ ಹೊರಗೆ ತೆಗೆಯಿರಿ. ಆಮೇಲೆ ಮುಂದಿನ ಆಕ್ಸಲ್ಲಿನ ತುದಿಯ ಸಿ.ವಿ. ಜಾಯಿಂಟ್ (ಚಕ್ರ ಪಕ್ಕಕ್ಕೆ ತಿರುಗಿದಾಗಲೂ ಬಲ ದಾಟಿಸುವ ಕೀಲು). ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಚಕ್ರ ಕಲ್ಲಿಗೆ ಸಿಕ್ಕಿಕೊಂಡಿರುವಾಗ ಆಕ್ಸಿಲರೇಟರ್ ಒತ್ತಿದರೆ "ಟಪ್" ಎಂಬ ಒಂದೇ ಸದ್ದು. ಡಿಫರೆನ್ಷಿಯಲ್ ಲಾಕ್ ಮಾಡಿದ್ದರಂತೂ ಇಡೀ ಬಲ ಒಂದೇ ಚಕ್ರದ ಶಾಫ್ಟಿನ ಮೇಲೆ ಬೀಳಬಹುದು. ಸ್ಟಿಯರಿಂಗ್ ನೇರ ಮಾಡಿಕೊಂಡು, ಪಾದವನ್ನು ಹಗುರ ಇಟ್ಟರೆ ಕಂಪನಿಯ ಶಾಫ್ಟುಗಳೇ ವರ್ಷಗಟ್ಟಲೆ ಬಾಳುತ್ತವೆ.

ಇಳಿಜಾರಿನಲ್ಲಿ ಲೋ ಒಂದನೇ ಗೇರೇ ಕ್ಷೇಮ ಎನ್ನುತ್ತಾರಲ್ಲ?

ಒಣ ನೆಲದಲ್ಲಿ, ಕಲ್ಲಿನಲ್ಲಿ ಹೌದು. ಒದ್ದೆ ಜೇಡಿಯಲ್ಲಿ ಎಚ್ಚರ. ಗೇರು ತೀರಾ ಇಳಿದಿದ್ದರೆ ಎಂಜಿನ್ನೇ ಚಕ್ರವನ್ನು ಬ್ರೇಕ್ ಹಾಕಿದಂತೆ ತಡೆದು, ಚಕ್ರ ತಿರುಗದೆ ಗಾಡಿ ಜಾರುಬಂಡೆಯಂತೆ ಹೊರಡುತ್ತದೆ. ಹೊಸ ಗೇರಿನ ಮೊದಲ ಮಳೆಗಾಲದಲ್ಲಿ ಮನೆಯ ಹಿಂದಿನ ಇಳಿಜಾರಿನಲ್ಲೇ ನನಗೆ ಹೀಗಾಗಿ, ಹಿಂಬದಿ ತಿರುಗಿ ಬೇಲಿಗೆ ಒರಗಿತು. ಈಗ ಅದೇ ಇಳಿಜಾರನ್ನು ಲೋ ಎರಡು, ಕೆಲವೊಮ್ಮೆ ಲೋ ಮೂರರಲ್ಲಿ ಇಳಿಯುತ್ತೇನೆ. ಜಾರತೊಡಗಿದರೆ ಬ್ರೇಕ್ ಬಿಟ್ಟು ಒಂದಿಷ್ಟು ಆಕ್ಸಿಲರೇಟರ್ ಕೊಟ್ಟು ಚಕ್ರ ತಿರುಗುವಂತೆ ಮಾಡಬೇಕು. ಮನಸ್ಸು ಒಪ್ಪುವುದಿಲ್ಲ, ಕಾಲಿಗೆ ಕಲಿಸಬೇಕು.

ರಸ್ತೆಯಲ್ಲಿ ಓಡಿಸಲು ತೊಂದರೆಯೆ? ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆಯೆ?

ಈ ಗಾಡಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಕಡೆಯಿಂದ ಹೊರಡುವುದರಿಂದ ಅದು ಕೆಡುವುದಿಲ್ಲ. ಟೈರಿನ ಗಾತ್ರ ಬದಲಿಸಿದರೆ ಕೆಡುತ್ತದೆ.

ಅನೇಕ ಕಿಟ್‌ಗಳು ಹೈ ಗೇರನ್ನೂ ಶೇಕಡ 12ರಷ್ಟು ಇಳಿಸುತ್ತವೆ. ಮೂಲದಲ್ಲಿ ಗಂಟೆಗೆ 80 ಕಿ.ಮೀ. ಹೋಗುವಾಗ ಎಂಜಿನ್ ಸುಮಾರು 2,700 ಸುತ್ತು ಇದ್ದದ್ದು 3,000 ದಾಟುತ್ತದೆ. 235/75 ಆರ್15 ಟೈರು ಹಾಕಿದರೆ ಅದು ಮೂಲದ್ದಕ್ಕಿಂತ ಹತ್ತು ಶೇಕಡ ಎತ್ತರವಿರುವುದರಿಂದ ಲೆಕ್ಕ ಹೆಚ್ಚುಕಡಿಮೆ ಮೊದಲಿನಲ್ಲಿಗೇ ಬಂದು ನಿಲ್ಲುತ್ತದೆ.

ಯಾವ ಎಣ್ಣೆ ಹಾಕಬೇಕು?

ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯದು. ಗೇರು ಸದ್ದಿಲ್ಲದೆ ಬೀಳುವಂತೆ ಮಾಡುವ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳಿಗೆ ಕೆಲವು ಜಿಎಲ್-5 ಎಣ್ಣೆಗಳು ಆಗಿಬರುವುದಿಲ್ಲ. ಟ್ರಾನ್ಸ್‌ಫರ್ ಕೇಸಿಗೆ ಕಿಟ್ ಜೊತೆ ಬಂದ ಕಾಗದ ಹೇಳಿದ್ದನ್ನೇ ಹಾಕಿ. ಮೊದಲ 500 ಕಿ.ಮೀ.ಗೆ ಇಳಿಸಿ ಬದಲಿಸಿ. ಅಯಸ್ಕಾಂತಕ್ಕೆ ಬೂದು ಬಣ್ಣದ ನಯವಾದ ಪುಡಿ ಹತ್ತಿದರೆ ಸಹಜ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮತ್ತೆ ಬಿಚ್ಚಿ.

ಆರ್‌ಟಿಒ ತಕರಾರು?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡುಗಳ ಕುರಿತದ್ದು. ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎಂಬುದನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಗೇರ್ ಅನುಪಾತ ನೋಂದಣಿ ಪತ್ರದಲ್ಲಿ ಬರೆದಿರುವುದಿಲ್ಲ. ಬೇರೆ ಎಂಜಿನ್, ಬೇರೆ ಬಾಡಿ ಕೂರಿಸಿದ್ದರೆ ಅದು ಬೇರೆಯೇ ಮಾತು. ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿಡಿ. ಇನ್ನು, ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದಕ್ಕೆ ಯಾವ ಗೇರೂ ಪರವಾನಗಿಯಲ್ಲ.

ನಾನು ಅಮೆರಿಕದಲ್ಲಿದ್ದೇನೆ, ಹಳೆಯ ಟೊಯೊಟಾ ಪಿಕಪ್ ಇದೆ. ನನಗೂ ಇದೇ ಲೆಕ್ಕವೆ?

ಲೆಕ್ಕ ಅದೇ, ನಿಮ್ಮ ಅದೃಷ್ಟ ದೊಡ್ಡದು. 22ಆರ್‌ಇ ಎಂಜಿನ್ನಿನ ಪಿಕಪ್‌ನಲ್ಲಿ ಡಬ್ಲ್ಯು56 ಗೇರ್‌ಬಾಕ್ಸ್ ಇದ್ದರೆ ಒಂದನೇ ಗೇರು 3.954, ಲೋ 2.28, ಆಕ್ಸಲ್ 4.10 ಆದರೆ ಒಟ್ಟು 37. ನಮ್ಮ ಸಿಜೆ-3ಬಿಯಷ್ಟೇ! ಲೋಗೆ 4.7ರ ಗೇರು ಹಾಕಿದರೆ 76. ಎರಡು ಟ್ರಾನ್ಸ್‌ಫರ್ ಕೇಸುಗಳನ್ನು ಒಂದರ ಹಿಂದೊಂದು ಜೋಡಿಸುವವರೂ ಇದ್ದಾರೆ, ಅಲ್ಲಿ 2.28, 4.7 ಎರಡೂ ಗುಣಿಸಿಕೊಂಡು 170 ದಾಟುತ್ತದೆ. ಹೋಲಿಕೆಗೆ, ಜೀಪ್ ರ‍್ಯಾಂಗ್ಲರ್ ರುಬಿಕಾನ್ ಮ್ಯಾನ್ಯುಯಲ್ ಶೋರೂಮಿನಿಂದಲೇ 84ರಲ್ಲಿ ಬರುತ್ತದೆ.

ಗೇರ್‌ಬಾಕ್ಸ್ ಬದಲಿಸುವುದಕ್ಕೆ ಅರ್ಥ ಬರುವುದೂ ಆ ದೇಶದ ದೊಡ್ಡ ಪಿಕಪ್‌ಗಳಲ್ಲೇ. ಷೆವರ್ಲೆಯ ಎಸ್ಎಂ465 ಗೇರ್‌ಬಾಕ್ಸಿನ ಒಂದನೇ ಗೇರು 6.55. ಅದಕ್ಕೆ "ಅಜ್ಜಿ ಗೇರು" ಎಂದೇ ಹೆಸರು. ಅದಕ್ಕೆ ಸಿಂಕ್ರೊ ಇಲ್ಲ, ರಸ್ತೆಯಲ್ಲಿ ಎರಡನೇ ಗೇರಿನಿಂದಲೇ ಹೊರಡುತ್ತಾರೆ. ಎನ್‌ವಿ4500ರಲ್ಲಿ ನಂತರದ ಮಾದರಿಗಳ ಒಂದನೇ ಗೇರು 5.61, ಜೊತೆಗೆ ಹೆದ್ದಾರಿಯಲ್ಲಿ ಎಂಜಿನ್ ನಿಧಾನ ತಿರುಗುವಂತೆ ಓವರ್‌ಡ್ರೈವ್ ಐದನೇ ಗೇರೂ ಇದೆ. ಎಫ್‌ಜೆ40 ಲ್ಯಾಂಡ್ ಕ್ರೂಸರ್ ಇಟ್ಟುಕೊಂಡವರು 3.555ರ ಎಚ್42 ತೆಗೆದು 4.843ರ ಎಚ್55ಎಫ್ ಹಾಕುವುದು ಇದೇ ಎರಡು ಲಾಭಕ್ಕೆ.

ಹೊಸ ಜಿಮ್ನಿ ತೆಗೆದುಕೊಂಡಿದ್ದೇನೆ. ಈಗಲೇ ಗೇರ್ ಇಳಿಸಲೆ?

ಬೇಡ. ಮ್ಯಾನ್ಯುಯಲ್ ಜಿಮ್ನಿಯದು 4.425, 2.002, 4.090. ಒಟ್ಟು 36. ವಾರಂಟಿ ಇರುವಷ್ಟು ದಿನ ಟೈರಿನ ಗಾಳಿ ಇಳಿಸುವುದನ್ನು ಕಲಿಯಿರಿ, ಅದು ಪುಕ್ಕಟೆ. ಎರಡು ಮಳೆಗಾಲ ಓಡಿಸಿದ ಮೇಲೂ ಅರ್ಧ ಕ್ಲಚ್ ಒತ್ತುತ್ತಲೇ ಇದ್ದೀರಾದರೆ ಆಗ ಮಾತಾಡೋಣ.

ಗಾಡಿ ಮಾರುವಾಗ ಬೆಲೆ ಬರುತ್ತದೆಯೆ?

ಕೊಳ್ಳುವವನಿಗೆ ವಿಷಯ ಗೊತ್ತಿದ್ದರೆ ಬರುತ್ತದೆ, ಇಲ್ಲವಾದರೆ "ಯಾಕೆ ಬಿಚ್ಚಿದ್ದೀರಿ?" ಎಂದು ಕೇಳಿ ಬೆಲೆ ಇಳಿಸುತ್ತಾನೆ. ಮೂಲ ಗೇರುಗಳನ್ನು ಎಸೆಯಬೇಡಿ. ನನ್ನವು ಗ್ರೀಸ್ ಸವರಿ, ಬಟ್ಟೆಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿ ಅಟ್ಟದ ಮೇಲಿವೆ. ಚಕ್ಕುಲಿಗೆಂದು ಆ ಡಬ್ಬಿಯನ್ನು ಮನೆಯಾಕೆ ಈಗಾಗಲೇ ಎರಡು ಸಲ ಕೆಳಗಿಳಿಸಿದ್ದಾರೆ.